ಐಸಿಯು ಅಂದರೆ ಎಷ್ಟು ಹಾಸಿಗೆ?

ನರ್ಸ್ ಕೆಲಸಕ್ಕೆ ಫುಲ್‌ಸ್ಕೇಪ್ ಹಾಳೆಯಲ್ಲಿ ಅರ್ಜಿ ಬರೆಯುವ ಕಾಲ ಹೋಯಿತು. ಈಗ ಲಿಂಕ್ಡ್‌ಇನ್‌ನಲ್ಲೋ ನೌಕ್ರಿಯಲ್ಲೋ ಒಂದು ಪ್ರೊಫೈಲ್ ಹಾಕಿ ಕಾಯುತ್ತಾರೆ. ಆಸ್ಪತ್ರೆಯವರು ಹುಡುಕಿಕೊಂಡು ಬರಬೇಕು. ಒಂದು ರೀತಿಯಲ್ಲಿ ವಧೂವರರ ಅಂಕಣವೇ. ಅಲ್ಲಿ ಎಲ್ಲ ಹುಡುಗಿಯರೂ ಗೃಹಕೃತ್ಯ ನಿಪುಣೆಯರು. ಇಲ್ಲಿ ಎಲ್ಲ ನರ್ಸುಗಳೂ ಶ್ರಮಜೀವಿಗಳು, ಸಹನಾಶೀಲರು, ತಂಡದೊಡನೆ ಹೊಂದಿಕೊಳ್ಳುವವರು. ಇಪ್ಪತ್ತು ಪ್ರೊಫೈಲ್ ಓದಿದರೂ ಒಬ್ಬರ ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ.

ನಾನು ಇವನ್ನೆಲ್ಲ ಓದಬೇಕಾಗಿ ಬಂದದ್ದು ನಮ್ಮ ಬೀದಿಯ ಒಬ್ಬ ಹುಡುಗಿಯಿಂದ. ಜಿಎನ್‌ಎಂ ಮುಗಿಸಿ ತಾಲ್ಲೂಕು ಕೇಂದ್ರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಿದ್ದಾಳೆ. ದೊಡ್ಡ ಆಸ್ಪತ್ರೆಗೆ ಹೋಗುವ ಆಸೆ; ತಮ್ಮನ ಡಿಪ್ಲೊಮಾ ಫೀಸು ಅವಳ ತಲೆಯ ಮೇಲಿದೆ. ಬ್ಯಾಂಕಿನಲ್ಲಿದ್ದವರು, ಇಂಗ್ಲಿಷ್ ತಿದ್ದಿಕೊಡಿ ಎಂದು ಫೋನು ಕೈಗಿತ್ತಳು. ಆರು ವರ್ಷದ ಕೆಲಸ ಒಂದೇ ಸಾಲಿನಲ್ಲಿತ್ತು: ‘ಸ್ಟಾಫ್ ನರ್ಸ್, 6 ವರ್ಷ, ಎಲ್ಲ ವಿಭಾಗಗಳು.’

ಇಂಗ್ಲಿಷಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಲೆಡ್ಜರಿನಲ್ಲಿ ಮೊತ್ತ ಬರೆದು ವಿವರದ ಕಾಲಂ ಖಾಲಿ ಬಿಟ್ಟ ಹಾಗಿತ್ತು. ‘ನಿನ್ನ ಸ್ಪೆಷಾಲಿಟಿ ಏನಮ್ಮ?’ ಎಂದರೆ, ‘ನಂಗೆ ಯಾವ ಸ್ಪೆಷಾಲಿಟೀನೂ ಇಲ್ಲ ಅಂಕಲ್, ಎಲ್ಲಾ ಮಾಡ್ತೀನಿ’ ಅಂದಳು.

ಎಲ್ಲಾ ಅಂದರೆ ಏನು? ಕೇಳುತ್ತಾ ಹೋದೆ. ರಾತ್ರಿ ಪಾಳಿಯಲ್ಲಿ ಹೆರಿಗೆಗೆ ಬಂದವರನ್ನು ಡಾಕ್ಟರು ಬರುವವರೆಗೆ ನೋಡಿಕೊಳ್ಳುವವಳು ಇವಳೇ. ಮಗುವಿನ ಎದೆಬಡಿತ ಎಣಿಸುವುದು, ನೋವಿನ ನಡುವಿನ ಅಂತರ ಬರೆದಿಡುವುದು, ಮಗು ಹುಟ್ಟಿ ಅಳದಿದ್ದರೆ ಒರೆಸಿ, ಬೆನ್ನುಜ್ಜಿ, ಬೇಕಾದರೆ ಚೀಲ ಒತ್ತಿ ಉಸಿರು ಕೊಡುವುದು. ಸಿಸೇರಿಯನ್ ಇದ್ದರೆ ಉಪಕರಣ ಎತ್ತಿಕೊಡುವುದು, ಹೊಲಿಗೆ ಹಾಕುವ ಮುನ್ನ ಹತ್ತಿಬಟ್ಟೆ ಎಣಿಸುವುದು. ಅವಳ ಊರ ಸುತ್ತ ಹೊಲಗದ್ದೆ. ಮಳೆಗಾಲದಲ್ಲಿ ಹಾವು ಕಚ್ಚಿದವರು ಬರುತ್ತಾರೆ. ಹಾವಿನ ವಿಷಕ್ಕೆ ಕೊಡುವ ಮದ್ದು ಡ್ರಿಪ್ಪಿನಲ್ಲಿ ಇಳಿಯುವಾಗ ಪಕ್ಕದಲ್ಲೇ ನಿಲ್ಲಬೇಕಂತೆ. ಮೈಮೇಲೆ ದದ್ದು ಏಳುತ್ತದೆಯೇ, ಉಸಿರು ಕಟ್ಟುತ್ತದೆಯೇ, ಬಿಪಿ ಕುಸಿಯುತ್ತದೆಯೇ ಎಂದು ಕಣ್ಣಿಟ್ಟು, ಅಡ್ರಿನಲಿನ್ ಕೈಗೆಟುಕುವಲ್ಲಿ ಇಟ್ಟುಕೊಂಡು. ಇದನ್ನೆಲ್ಲ ಅವಳು ಹೇಳಿದ್ದು ನಾವು ಹಾಲು ಉಕ್ಕಿದ ಕಥೆ ಹೇಳುವ ದನಿಯಲ್ಲಿ. ಮನೆಯಾಕೆ ಕಾಫಿ ತಂದವಳು ಅಲ್ಲೇ ಕುಳಿತುಬಿಟ್ಟಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇವೆಲ್ಲ ಬೇರೆ ಬೇರೆ ಕೋಣೆಗಳು, ಬೇರೆ ಬೇರೆ ನರ್ಸುಗಳು. ಐಸಿಯುವೇ ನಾಲ್ಕೈದು ಬಗೆ: ಹೃದಯದ್ದು, ಶಸ್ತ್ರಚಿಕಿತ್ಸೆ ಆದವರದ್ದು, ಮಕ್ಕಳದ್ದು, ಆಗ ತಾನೇ ಹುಟ್ಟಿದ ಶಿಶುಗಳದ್ದು. ಸಿಸಿಯು ಅಂದರೆ ಒಂದು ಕಡೆ ಹೃದ್ರೋಗದ ಘಟಕ, ಇನ್ನೊಂದು ಕಡೆ ಯಾವುದೇ ತೀವ್ರ ರೋಗಿಯ ಘಟಕ. ಹಾಗಾಗಿ ಮೂರಕ್ಷರ ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ನಾನು ಓದಿದವುಗಳಲ್ಲಿ ಮನಸ್ಸಿಗೆ ನಿಂತದ್ದು ಒಂದೇ ಒಂದು. ‘12 ಹಾಸಿಗೆಯ ಐಸಿಯು, ವೆಂಟಿಲೇಟರಿನಲ್ಲಿದ್ದ ರೋಗಿಗಳು, ಪಾಳಿಗೆ ನನ್ನ ಪಾಲಿಗೆ ಇಬ್ಬರು’ ಎಂದಿತ್ತು. ವಿಶೇಷಣ ಒಂದೂ ಇಲ್ಲ. ಆ ಹೆಣ್ಣುಮಗಳು ದಿನಾ ಏನು ಮಾಡುತ್ತಿದ್ದಳು ಎಂದು ನನ್ನಂಥ ಬಿ.ಕಾಂ.ನವನಿಗೂ ಅರ್ಥವಾಯಿತು.

ನಮ್ಮ ಹುಡುಗಿಗೂ ಐಸಿಯು ಎಂದು ಹಾಕುವ ಆಸೆ. ನರ್ಸಿಂಗ್ ಹೋಮಿನಲ್ಲಿ ಮಾನಿಟರ್ ಇರುವ ಎರಡು ಹಾಸಿಗೆಯ ಕೋಣೆಯೊಂದಿದೆ, ಬಾಗಿಲಿಗೆ ಐಸಿಯು ಎಂದೇ ಬೋರ್ಡು. ‘ಎಲ್ಲರೂ ಹಾಕ್ಕೋತಾರೆ ಅಂಕಲ್, ಹಾಗೆ ಹಾಕದಿದ್ರೆ ಹುಡುಕುವಾಗ ಹೆಸರೇ ಬರಲ್ಲ.’ ಅವಳ ಮಾತೂ ನಿಜ. ಆದರೆ ವೆಂಟಿಲೇಟರ್ ಮುಟ್ಟದವಳನ್ನು ಮೊದಲ ರಾತ್ರಿಯೇ ವೆಂಟಿಲೇಟರ್ ರೋಗಿಯ ಪಕ್ಕ ನಿಲ್ಲಿಸಿದರೆ? ಅಲ್ಲಿ ಮಲಗಿರುವುದು ಯಾರದೋ ಅಪ್ಪ. ಕೊನೆಗೆ ‘ಐಸಿಯು, 2 ಮಾನಿಟರ್ ಹಾಸಿಗೆ, ವೆಂಟಿಲೇಟರ್ ಇಲ್ಲ’ ಎಂದು ಬರೆದೆವು. ಐಸಿಯು ಎಂಬ ಪದ ಹುಡುಕುವವರಿಗೆ ಸಿಗುತ್ತದೆ, ಸುಳ್ಳೂ ಇಲ್ಲ.

ಹೆರಿಗೆಯ ಲೆಕ್ಕ ಕೇಳಿದರೆ ‘ಒಂದು ಸಾವಿರ ಅಂತ ಹಾಕೋಣವಾ?’ ಅಂದಳು. ವೋಚರ್ ಇಲ್ಲದ ಅಂಕಿಯನ್ನು ನಾನು ಬರೆಯಗೊಡುವುದಿಲ್ಲ. ಓದುವಾಗ ಪ್ರತಿ ಹೆರಿಗೆಯನ್ನೂ ಕೇಸ್‌ಬುಕ್ಕಿನಲ್ಲಿ ಬರೆಯಿಸುತ್ತಾರಂತೆ. ಕೆಲಸಕ್ಕೆ ಸೇರಿದ ಮೇಲೆ ಕೇಳುವವರಿಲ್ಲ, ಬರೆಯುವವರಿಲ್ಲ. ವಾರಕ್ಕೆ ಎರಡೋ ಮೂರೋ ಎಂದು ಅವಳು ಖಚಿತವಾಗಿ ಹೇಳಬಲ್ಲಳು. ಅಷ್ಟನ್ನೇ ಬರೆದೆವು. ಜೀವರಕ್ಷಣೆಯ ತರಬೇತಿ, ಅಂದರೆ ಬಿಎಲ್‌ಎಸ್, ಆಗಿದೆ ಎಂದಿದ್ದಳು, ದಿನಾಂಕ ಇರಲಿಲ್ಲ. ಆ ಸರ್ಟಿಫಿಕೇಟಿನ ಆಯಸ್ಸು ಸಾಮಾನ್ಯವಾಗಿ ಎರಡು ವರ್ಷ. ಚೆಕ್ಕಿಗೆ ಈಗ ಮೂರೇ ತಿಂಗಳು, ಅದಕ್ಕೆ ಹೋಲಿಸಿದರೆ ವಾಸಿ. ಆದರೂ ತಾರೀಖಿಲ್ಲದ್ದನ್ನು ಯಾರು ಪಾಸು ಮಾಡುತ್ತಾರೆ?

ಇಷ್ಟು ತಲೆ ಕೆಡಿಸಿಕೊಳ್ಳಬೇಕಾದ ಕಾರಣ ಬೇರೆಯೇ ಇದೆ. ಬ್ರಿಟನ್ನಿನಲ್ಲಿ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ನೋಂದಣಿ ಪುಸ್ತಕವನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ತೆರೆದು ನೋಡಬಹುದು. ವಯಸ್ಕರ ನರ್ಸೋ, ಮಕ್ಕಳ ನರ್ಸೋ, ಮಾನಸಿಕ ಆರೋಗ್ಯದ ನರ್ಸೋ ಎಂಬುದು ಅಲ್ಲೇ ಇರುತ್ತದೆ. ನಮ್ಮಲ್ಲಿ ಜಿಎನ್‌ಎಂ ಮುಗಿಸಿದವರು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಎಂದು ನೋಂದಾಯಿಸಿಕೊಳ್ಳುತ್ತಾರೆ, ಅಷ್ಟೇ. ಆಮೇಲೆ ಅವಳು ಡಯಾಲಿಸಿಸ್‌ನಲ್ಲಿ ಹತ್ತು ವರ್ಷ ಕೈ ಪಳಗಿಸಿದ್ದರೂ ಅದಕ್ಕೆ ಸಾಕ್ಷಿ ಅವಳ ಮಾತು ಮತ್ತು ಆಸ್ಪತ್ರೆ ಕೊಡುವ ಅನುಭವ ಪತ್ರ. ಕೊಲ್ಲಿ ದೇಶಕ್ಕೆ ಹೊರಟರೆ ಡೇಟಾಫ್ಲೋ ಎಂಬ ಸಂಸ್ಥೆ ಹಳೆಯ ಆಸ್ಪತ್ರೆಯನ್ನೇ ನೇರವಾಗಿ ಕೇಳುತ್ತದೆ. ಆದ್ದರಿಂದ ಹೆರಿಗೆಗೆಂದೋ ಅತ್ತೆಯ ಕಾಯಿಲೆಗೆಂದೋ ಮನೆಯಲ್ಲಿ ಕೂತ ವರ್ಷವನ್ನು ಅಕ್ಕಪಕ್ಕದ ಕೆಲಸಕ್ಕೆ ಎಳೆದು ಮುಚ್ಚುವುದು ಜಾಣತನವಲ್ಲ. ಖಾಲಿ ವರ್ಷವನ್ನು ಖಾಲಿ ಎಂದೇ ಬರೆದರೆ ಆಯಿತು.

ಪ್ರೊಫೈಲ್ ಓದುವ ಗರಜು ನಮ್ಮಂಥ ಮನೆಯವರಿಗೂ ಬರುತ್ತದೆ. ಅಜ್ಜಿ ಹಾಸಿಗೆ ಹಿಡಿದರೆ ಮೊಬೈಲಿನಲ್ಲೇ ‘ಹೋಂ ನರ್ಸ್, 5 ವರ್ಷ ಅನುಭವ’ ಎಂದು ಹುಡುಕುತ್ತೇವೆ. ಅವರಲ್ಲಿ ಅನೇಕರು ಕೌನ್ಸಿಲ್‌ನಲ್ಲಿ ನೋಂದಾಯಿಸಿದ ನರ್ಸುಗಳಲ್ಲ, ಅಟೆಂಡರುಗಳು. ಸ್ನಾನ, ಊಟ, ಮಗ್ಗುಲು ಬದಲಿಸುವುದಕ್ಕೆ ಅವರು ಬಂಗಾರದಂಥವರು, ಎಷ್ಟೋ ಮನೆಗಳು ನಡೆಯುತ್ತಿರುವುದೇ ಅವರಿಂದ. ಆದರೆ ಇಂಜೆಕ್ಷನ್, ಕ್ಯಾಥೆಟರ್ ಬದಲಾವಣೆ, ಗಂಟಲಿನ ನಳಿಗೆಯಿಂದ ಕಫ ಎಳೆಯುವ ಕೆಲಸ ಇದ್ದರೆ ಎರಡು ವರ್ಷದ ಎಎನ್‌ಎಮ್ಮೋ, ಮೂರು ವರ್ಷದ ಜಿಎನ್‌ಎಮ್ಮೋ, ನಾಲ್ಕು ವರ್ಷದ ಬಿ.ಎಸ್ಸಿ.ಯೋ, ನೋಂದಣಿ ಸಂಖ್ಯೆ ಎಷ್ಟು ಎಂದು ಕೇಳಿ. ನಿಜವಾದ ನರ್ಸಿಗೆ ಆ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಹುಡುಗಿಯ ಪ್ರೊಫೈಲಿನಿಂದ ಒಂದು ಫೋಟೋವನ್ನೂ ತೆಗೆಸಿದೆ. ಅವಳ ತೋಳಲ್ಲಿ ಆಗಷ್ಟೇ ಹುಟ್ಟಿದ ಕೂಸು, ಹಿಂದೆ ಹಾಸಿಗೆಯ ಮೇಲೆ ಬಾಣಂತಿ. ಚೆಂದದ ಚಿತ್ರವೇ. ಆದರೆ ಆ ತಾಯಿಯನ್ನು ಯಾರೂ ಕೇಳಿರಲಿಲ್ಲ. ಮೊಬೈಲ್ ನಂಬರನ್ನೂ ತೆಗೆದು ಇಮೇಲ್ ಇಟ್ಟೆವು, ರಾತ್ರಿ ಹೊತ್ತು ಬೇಡದವರ ಕರೆ ಬರುತ್ತಿತ್ತಂತೆ.

ಹೊಸದನ್ನು ಹಾಕಿ ಮೂರು ವಾರವಾಯಿತು. ಎರಡು ಕಡೆಯಿಂದ ವಿಚಾರಿಸಿದ್ದಾರೆ, ಎರಡೂ ಹೆರಿಗೆ ವಾರ್ಡಿಗೆ. ಒಂದು ಕಡೆಯವರು ಭಾಷೆಯ ವಿಷಯವನ್ನೇ ಮೊದಲು ಕೇಳಿದರಂತೆ. ಅದು ಮೊದಲು ಕಟ್ಟಕಡೆಯಲ್ಲಿ ‘ಕನ್ನಡ, ಇಂಗ್ಲಿಷ್’ ಎಂದಷ್ಟೇ ಇತ್ತು. ನೋವು ತಿನ್ನುವ ಹೆಂಗಸರು ಅವಳ ವಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಕೂಗಿದ್ದನ್ನು ಅವಳು ಕೇಳಿಲ್ಲ. ಅದನ್ನು ಮೇಲಕ್ಕೆ ತಂದು ಕೆಲಸದ ವಿವರದ ಪಕ್ಕದಲ್ಲೇ ಹಾಕಿದ್ದೆವು: ಕನ್ನಡ, ಇಂಗ್ಲಿಷ್, ಉರ್ದು, ಲಂಬಾಣಿ ಅರ್ಥವಾಗುತ್ತದೆ, ಸ್ವಲ್ಪ ಮಾತನಾಡುತ್ತೇನೆ.