ಸವೆದದ್ದು ಎಂಜಿನ್ನು, ಮಾರುವುದು ಇಡೀ ಗಾಣ!



ಆಲೆಮನೆಯ ಎಂಜಿನ್ನು ನೀಲಿ ಹೊಗೆ ಕಾರುತ್ತಿದೆ. ಹ್ಯಾಂಡಲ್ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುತ್ತೆ. ಪೇಟೆಯ ಅಂಗಡಿಗೆ ಹೋದಿರೋ, ಅಲ್ಲಿ ಒಂದೇ ಮಾತು: 'ಹಳೇದನ್ನೆಲ್ಲ ಗುಜರಿಗೆ ಹಾಕಿ ಗೌಡ್ರೇ, ಎಂಜಿನ್ನು ಗಾಣ ಎರಡೂ ಸೇರಿ ಹೊಸ ಸೆಟ್ಟು ತಗೊಳ್ಳಿ, ಸಾಲ ನಾವೇ ಮಾಡಿಸಿಕೊಡ್ತೀವಿ.' ಸಾಲ ಮಾಡಿಸೋರು ಅವರು. ತೀರಿಸೋರು ಯಾರು ಸ್ವಾಮಿ? 80 ಸಾವಿರ ಸಾಲ, ನೂರಕ್ಕೆ 12 ಬಡ್ಡಿ ಅಂತ ಇಟ್ಟುಕೊಳ್ಳಿ. ಮೊದಲನೇ ವರ್ಷದ ಬಡ್ಡಿಯೇ 9,600 ರೂಪಾಯಿ. ಅಷ್ಟಕ್ಕೆ ಎಷ್ಟು ಅಚ್ಚು ಬೆಲ್ಲ ಮಾರಬೇಕು, ನೀವೇ ಲೆಕ್ಕ ಹಾಕಿ.

ಗಾಣಕ್ಕೇನಾಗಿದೆ? ಎರಕದ ರೋಲರು ಸವೆದರೆ ಲೇತಿಗೆ ಹಾಕಿ ಹಲ್ಲು ತೆಗೆಸಬಹುದು, ಬುಷ್ ಬದಲಾಯಿಸಬಹುದು. ಕೆಟ್ಟಿರುವುದು ಎಂಜಿನ್ನು. ಅದರಲ್ಲೂ ಬಹಳ ಸಲ ಕೆಟ್ಟಿರುವುದು ಪಿಸ್ಟನ್ನು, ರಿಂಗು, ಲೈನರು ಅಷ್ಟೆ. ಬ್ಲಾಕು ಬಿರಿದಿಲ್ಲ, ಕ್ರ್ಯಾಂಕು ಗ್ರೈಂಡಿಂಗಿಗೆ ಬರುವ ಹಾಗಿದೆ ಎಂದರೆ ಎಂಜಿನ್ನನ್ನೂ ಎಸೆಯಬೇಕಿಲ್ಲ.

ಇಲ್ಲೇ ಸರ್ಕಾರದ ಕೈಚಳಕ ನೋಡಿ. 2017ರಲ್ಲಿ ಜಿ.ಎಸ್.ಟಿ. ಬಂದಾಗ 15 ಎಚ್.ಪಿ.ವರೆಗಿನ ಸ್ಥಿರವೇಗದ ಡೀಸೆಲ್ ಎಂಜಿನ್ನಿಗೆ ನೂರಕ್ಕೆ 12 ತೆರಿಗೆ, ಅದೇ ಎಂಜಿನ್ನಿನ ಬಿಡಿಭಾಗಕ್ಕೆ 28! 2025ರ ಸೆಪ್ಟೆಂಬರಿನಲ್ಲಿ ಇಳಿಸಿದೆವು ಎಂದು ಡಂಗುರ ಹೊಡೆದರು. ಎಂಜಿನ್ನಿಗೆ 5 ಆಯಿತು, ಬಿಡಿಭಾಗಕ್ಕೆ 18 ಉಳಿಯಿತು. ಅಂದರೆ 10 ಸಾವಿರದ ರಿಪೇರಿ ಸಾಮಾನಿಗೆ 1,800 ರೂಪಾಯಿ ತೆರಿಗೆ, 30 ಸಾವಿರದ ಹೊಸ ಎಂಜಿನ್ನಿಗೆ 1,500. ರಿಪೇರಿ ಮಾಡಿಸಿಕೊಂಡು ಬದುಕುವವನಿಗೆ ದಂಡ, ಸಾಲ ಮಾಡುವವನಿಗೆ ರಿಯಾಯಿತಿ. ಕಾರಿನ ಪಿಸ್ಟನ್ನನ್ನೂ ನಮ್ಮ ಗಾಣದ ಪಿಸ್ಟನ್ನನ್ನೂ ಒಂದೇ ಕಂತೆಗೆ ಕಟ್ಟಿದ್ದರ ಫಲ ಇದು. ಟ್ರಾಕ್ಟರಿನ ಟೈರಿಗೆ 18ರಿಂದ 5ಕ್ಕೆ ಇಳಿಸಲು ಬಂತು, ಇದಕ್ಕೆ ಯಾಕೆ ಬರಲಿಲ್ಲ? ಕಾರ್ಖಾನೆಯವನು ಕೊಟ್ಟ ತೆರಿಗೆಯನ್ನು ಮುಂದಿನ ಲೆಕ್ಕದಲ್ಲಿ ವಜಾ ಹಾಕಿಕೊಳ್ಳುತ್ತಾನೆ. ರೈತನಿಗೆ ಆ ಭಾಗ್ಯವೂ ಇಲ್ಲ, ಕೊಟ್ಟಿದ್ದು ಹೋಯಿತು.

ಎಂಜಿನ್ನು ನಿಜವಾಗಿ ಸತ್ತಿದೆ, ಬದಲಾಯಿಸಲೇಬೇಕು ಅನ್ನಿ. ಆಗಲೂ ಎಂಜಿನ್ನೊಂದನ್ನೇ ಬದಲಾಯಿಸಿ. ಆದರೆ ಎಚ್.ಪಿ. ಒಂದನ್ನೇ ನೋಡಿ ಮೋಸಹೋಗಬೇಡಿ, ಸುತ್ತು ನೋಡಿ. ಹಳಬರು ಹಾಕಿಸಿದ ಲಿಸ್ಟರ್ ಮಾದರಿ (ಇಂಗ್ಲೆಂಡಿನಲ್ಲಿ ಹುಟ್ಟಿ ರಾಜಕೋಟ್‌ನಲ್ಲಿ ನಕಲಾದದ್ದು) ನಿಮಿಷಕ್ಕೆ 650 ಸುತ್ತು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವು 1500 ಸುತ್ತು. ಹಳೆಯ 16 ಅಂಗುಲದ ಪುಲ್ಲಿಯನ್ನೇ ಹೊಸದಕ್ಕೆ ಹಾಕಿದರೆ ಗಾಣ ಎರಡೂಕಾಲು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಓಡಿ ಗೇರು ಪುಡಿಯಾದೀತು, ಇಲ್ಲವೇ ಎಂಜಿನ್ನೇ ಉಸಿರುಕಟ್ಟಿ ನಿಂತೀತು. ಲೆಕ್ಕ ಸುಲಭ: 16 ಗುಣಿಸು 650, ಭಾಗಿಸು 1500. ಹತ್ತಿರ ಹತ್ತಿರ 7 ಅಂಗುಲ. ಹೊಸ ಎಂಜಿನ್ನಿಗೆ 7 ಅಂಗುಲದ ಪುಲ್ಲಿ ಹಾಕಿಸಿದರೆ ಗಾಣಕ್ಕೆ ಎಂಜಿನ್ನು ಬದಲಾದದ್ದೇ ತಿಳಿಯದು. ಪುಲ್ಲಿ ಚಿಕ್ಕದಾದಷ್ಟೂ ಬೆಲ್ಟಿನ ಹಿಡಿತ ಕಡಿಮೆ. ಜಾರದಂತೆ ನೋಡಿಕೊಳ್ಳಿ. ಪಂಪಿನ ವಿಷಯದಲ್ಲಂತೂ ಜೋಪಾನ: ಸೆಂಟ್ರಿಫ್ಯೂಗಲ್ ಪಂಪಿನ ವೇಗ ಎರಡು ಪಟ್ಟಾದರೆ ಅದು ಕೇಳುವ ಶಕ್ತಿ ಎಂಟು ಪಟ್ಟು.

ಇನ್ನೊಂದು ಮಾತು. ಹಳೆಯದಕ್ಕೆ ಎರಡು ದೊಡ್ಡ ಫ್ಲೈವೀಲ್ ಇದ್ದವು. ದಪ್ಪ ಕಬ್ಬಿನ ಹಿಡಿ ಸಿಕ್ಕಿಕೊಂಡಾಗ ಅವೇ ನೂಕಿಬಿಡುತ್ತಿದ್ದವು. ಹೊಸದಕ್ಕೆ ಆ ಭಾರವಿಲ್ಲ. 6 ಎಚ್.ಪಿ. ಇದ್ದ ಕಡೆ ಸ್ವಲ್ಪ ಹೆಚ್ಚಿನದನ್ನೇ ಕೂರಿಸಿ, ಕಬ್ಬನ್ನು ಒಂದೇ ಸಮ ಕೊಡಿ. ಅಡಿಪಾಯದ ಬೋಲ್ಟುಗಳ ಅಳತೆಯನ್ನು ಅಂಗಡಿಗೆ ಹೋಗುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ.

ಏನೇ ಕೊಂಡರೂ ಪಕ್ಕಾ ಬಿಲ್ಲು ಕೇಳಿ ಪಡೆಯಿರಿ. ಬಿಳಿ ಚೀಟಿ ಬೇಡ. ಪಿಸ್ಟನ್ನು, ರಿಂಗು, ಲೈನರಿನ ಮುಂದೆ 18 ಎಂದು ಬರೆದ ಬಿಲ್ಲುಗಳನ್ನು ಊರೂರಲ್ಲಿ ಒಟ್ಟುಮಾಡಿ. ಓಟು ಕೇಳಲು ಬರುವ ಸಂಸದರ ಕೈಗೆ ಹಾರದ ಬದಲು ಆ ಕಟ್ಟನ್ನು ಕೊಡಿ, ಎಂಜಿನ್ನಿಗೆ 5 ಆದರೆ ಅದರ ಪಿಸ್ಟನ್ನಿಗೆ 18 ಯಾಕೆ ಎಂದು ಜನರ ಎದುರಿಗೇ ಕೇಳಿ.