ದೀಪ ಹೇಳದ ಮಾತು

ರಂಗಂಪೇಟೆಯಾಗಲಿ ಬೆಂಗಳೂರಾಗಲಿ, ಹಾಳುಬಾವಿಯ ಹೂಳೆತ್ತಲು ಇಳಿಯುವವನಿಗೆ ಹಿರಿಯರು ಕಲಿಸಿದ ಪರೀಕ್ಷೆಯೊಂದುಂಟು: ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಮೊದಲು ಇಳಿಸುವುದು, ಅದು ಆರಿದರೆ ತಾನು ಇಳಿಯದಿರುವುದು. ವಿವೇಕದ ಮಾತೇ ಸರಿ, ಆದರೆ ಅರ್ಧ ಮಾತ್ರ. ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲಿರುವ ಆಮ್ಲಜನಕವು 16ರ ಆಸುಪಾಸಿಗೆ ಇಳಿದಾಗಲಷ್ಟೇ ದೀಪ ಆರುತ್ತದೆ, ಮನುಷ್ಯನಿಗಾದರೋ 19.5ರ ಕೆಳಗೇ ಅಪಾಯ. ಚರಂಡಿಗುಂಡಿಯ ಹೈಡ್ರೋಜನ್ ಸಲ್ಫೈಡ್ ವಿಷವನ್ನು ದೀಪ ತೋರಿಸದು. ಮೂಗನ್ನೂ ನಂಬುವಂತಿಲ್ಲ, ವಿಷ ಹೆಚ್ಚಿದಂತೆ ಕೊಳೆತ ಮೊಟ್ಟೆಯಂತಹ ಅದರ ನಾತವೇ ತಿಳಿಯದಾಗುತ್ತದೆ. ಮೀಥೇನ್ ತುಂಬಿದ್ದರೆ ದೀಪವೇ ಸ್ಫೋಟಕ್ಕೆ ಕಿಡಿ. ಆದಕಾರಣ ಇಂದಿನ ಕೆಲಸಗಾರನು ಅನಿಲಮಾಪಕವನ್ನು ಮೇಲೆ, ನಡುವೆ, ತಳದಲ್ಲಿ ಇಳಿಬಿಟ್ಟು, ಮೊದಲು ಆಮ್ಲಜನಕ, ಬಳಿಕ ಉರಿಯುವ ಅನಿಲ, ಕೊನೆಗೆ ವಿಷಾನಿಲಗಳನ್ನು ಅಳೆಯಲು ಕಲಿಯಬೇಕು. ಬಿದ್ದವನನ್ನು ಎತ್ತಲು ಇಳಿದವನೂ ಮಡಿಯುವ ದುರಂತ ನಿಲ್ಲಬೇಕಾದರೆ, ಧೈರ್ಯಕ್ಕಿಂತ ಮುಂಚೆ ಅಳತೆ ಇಳಿಯಬೇಕು.