ಹಳೇ ಟಿಲ್ಲರ್ ಗುಜರಿಗೇ ಹೋಗಬೇಕಾ?

ಸತ್ತೇಗಾಲದ ನಮ್ಮ ಚಿಕ್ಕಪ್ಪನ ಹತ್ತಿರ ಹಳೇ ಪವರ್ ಟಿಲ್ಲರ್ ಒಂದಿದೆ. ಮಿತ್ಸುಬಿಷಿ ತಂತ್ರಜ್ಞಾನದಲ್ಲಿ ಬೆಂಗಳೂರಿನ ವಿಎಸ್‌ಟಿ ಕಂಪನಿ ತಯಾರಿಸಿದ್ದು. ಗುಜರಿಯವರು ಎರಡು ಸಲ ಬಂದು ಕೇಳಿದರು. ಚಿಕ್ಕಪ್ಪ ಕೊಡಲಿಲ್ಲ.

ಕೆಲಸ ಮುಗಿದ ಮೇಲೆ ಅವರು ಬ್ಲೇಡಿನ ಕೆಸರು ತೊಳೆದು ಸುಟ್ಟ ಆಯಿಲ್ ಸವರುತ್ತಾರೆ, ಬೆಲ್ಟ್ ಸಡಿಲ ಮಾಡುತ್ತಾರೆ. ಡೀಸೆಲ್ ಟ್ಯಾಂಕ್ ತುಂಬಿಸಿಯೇ ಇಡುತ್ತಾರೆ, ಖಾಲಿ ಬಿಟ್ಟರೆ ಒಳಗೆ ಪಸೆ ಕಟ್ಟಿ ತುಕ್ಕು ಹಿಡಿಯುತ್ತದೆ. ಕೊನೆಗೆ ಹ್ಯಾಂಡಲ್ ತಿರುಗಿಸಿ, ಕಂಪ್ರೆಶನ್ನಿನ ಬಿಗಿ ಸಿಕ್ಕ ಕಡೆ ನಿಲ್ಲಿಸುತ್ತಾರೆ. ಆಗ ವಾಲ್ವ್ ಎರಡೂ ಮುಚ್ಚಿರುತ್ತವೆ, ಸಿಲಿಂಡರಿಗೆ ಥಂಡಿ ಇಳಿಯುವುದಿಲ್ಲ. ಹಿಪ್ಪುನೇರಳೆ ಸಾಲಿಗೆ ಅಗಲ ಜಾಸ್ತಿಯಾಯಿತೆಂದು ಎರಡೂ ತುದಿಯ ಬ್ಲೇಡು ಬಿಚ್ಚಿಸಿದ್ದಾರೆ. ದನದ ಕೊಟ್ಟಿಗೆಯಲ್ಲಿ ನಿಲ್ಲಿಸುವುದಕ್ಕೆ ಮಾತ್ರ ನನ್ನ ತಕರಾರಿದೆ, ಗಂಜಲ ಕಬ್ಬಿಣವನ್ನು ತಿನ್ನುತ್ತದೆ. ಹೇಳಿದರೆ, ‘ನೀನು ಪೇಪರ್‌ನಲ್ಲಿ ಬರಿ ಹೋಗು ಮಗ’ ಎಂದು ನಗುತ್ತಾರೆ.

ಸರಿ, ಬರೆಯುತ್ತಿದ್ದೇನೆ. ಹೊಸ ಟಿಲ್ಲರಿಗೆ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರವರೆಗೆ ಸಹಾಯಧನವಿದೆ. ಅದು ಬೇಡವೆನ್ನುತ್ತಿಲ್ಲ. ಆದರೆ ಪಿಸ್ಟನ್ ರಿಂಗ್, ನಾಜಲ್ ಬದಲಿಸಿದರೆ ಇನ್ನೂ ಹತ್ತು ವರ್ಷ ಉಳುವ ಯಂತ್ರಕ್ಕೆ ಯಾಕೆ ಏನೂ ಇಲ್ಲ? ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಸಿಗುತ್ತದಲ್ಲ ಎನ್ನಬಹುದು. ನಾಲೆಗೆ ನೀರು ಬಿಟ್ಟ ವಾರ ಎಲ್ಲರಿಗೂ ಒಟ್ಟಿಗೇ ಬೇಕು, ಒಂದೆಕರೆಯವನ ಸರದಿ ಕೊನೆಗೆ. ಆ ಕೇಂದ್ರಗಳಲ್ಲೇ ಒಬ್ಬ ಮೆಕ್ಯಾನಿಕ್, ಒಂದಿಷ್ಟು ಬಿಡಿಭಾಗ ಇಡಲಿ. ಕೊಳ್ಳೇಗಾಲದಲ್ಲಿ ಚಿಕ್ಕಪ್ಪ ನೆಚ್ಚಿಕೊಂಡಿರುವ ಮೆಕ್ಯಾನಿಕ್‌ಗೆ ವಯಸ್ಸಾಗಿದೆ, ಕಲಿಯಲು ಹುಡುಗರು ಯಾರೂ ಬರುತ್ತಿಲ್ಲ.